ಗಾಜಿನ ತಂತಿ ಬಂತು ಸರಿ, ಕಡಿದರೆ ಯಾರು ಬರ್ತಾರೆ?

ಹೊಸನಗರದ ಕಡೆಯ ಒಂದು ಹಳ್ಳಿ. ಬಸ್ ಸ್ಟಾಪಿನ ಎದುರಿಗೇ ದಿನಸಿ ಅಂಗಡಿ. ಅಕ್ಕಿ ಮೂಟೆಗೆ ಒರಗಿಸಿದ ರಟ್ಟಿನ ಬೋರ್ಡು: "ನೆಟ್ ಇಲ್ಲ. ಚಿಲ್ಲರೆ ಕೊಡಿ." ಮಳೆಗಾಲದಲ್ಲಿ ಆ ಬೋರ್ಡು ಒಳಗಿದ್ದ ದಿನಕ್ಕಿಂತ ಹೊರಗಿದ್ದ ದಿನವೇ ಜಾಸ್ತಿ ಅಂತ ಅಂಗಡಿಯವರೇ ಹೇಳಿದರು.

"ಮೊಬೈಲ್ ಟವರ್ ಗುಡ್ಡದ ಆಚೆ ಸಾರ್. ಅಂಗಡಿ ಒಳಗೆ ಒಂದು ಕಡ್ಡಿ ಸಿಗ್ನಲ್ ಬಂದರೆ ಪುಣ್ಯ. ಅದಕ್ಕೇ ಫೈಬರ್ ಹಾಕ್ಸಿದ್ದು. ಫೈಬರ್ ಚೆನ್ನಾಗೇ ಇದೆ, ಸುಳ್ಳು ಹೇಳಬಾರದು. ಕಡಿದು ಹೋದಾಗ ಮಾತ್ರ ಗಂಡ-ಹೆಂಡಿರ ಜಗಳ ಇದ್ದ ಹಾಗೆ, ಯಾರೂ ಮಧ್ಯ ಬರೋದಿಲ್ಲ."

ಈ ಒಂದು ಮಾತಿಗಾಗಿ ಈ ಲೇಖನ. ನಮ್ಮ ಮಲೆನಾಡಿನ ಹಳ್ಳಿಗಳಲ್ಲಿ ಈಗ ಅಡಿಕೆ ಮರದಿಂದ ಅಡಿಕೆ ಮರಕ್ಕೆ ಕಪ್ಪು ವಯರು ಜೋತಾಡುತ್ತಿದೆ. ಇಂಟರ್‌ನೆಟ್ ಮನೆ ಬಾಗಿಲಿಗೇ ಬಂತು ಅನ್ನುತ್ತಾರೆ. ಹಾಕಿಸುವ ಮೊದಲು ಆ ವಯರಿನೊಳಗೆ ಏನಿದೆ, ಅದು ಎಲ್ಲಿಂದ ಬರುತ್ತದೆ, ಕಡಿದರೆ ಯಾರು ಕೂಡಿಸಬೇಕು ಅನ್ನುವುದು ದುಡ್ಡು ಕೊಡುವವರಿಗೆ ತಿಳಿದಿರಬೇಕು. ಏಜೆಂಟರು ಸ್ಪೀಡಿನ ಮಾತಾಡುತ್ತಾರೆಯೇ ಹೊರತು ಇದನ್ನು ಹೇಳುವುದಿಲ್ಲ.

ಹಳೆಯ ಕಾಲ ನೆನಪಿದ್ದವರಿಗೆ ಗೊತ್ತು. ಟ್ರಂಕ್ ಕಾಲ್ ಬುಕ್ ಮಾಡಿ ಪೋಸ್ಟಾಫೀಸಿನ ಜಗಲಿಯ ಮೇಲೆ ಅರ್ಧ ದಿನ ಕೂರುತ್ತಿದ್ದೆವು. 1986ರ ಜುಲೈನಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಸಿ-ಡಾಟ್ ಸಂಸ್ಥೆಯ 128 ಲೈನಿನ ಹಳ್ಳಿ ಎಕ್ಸ್‌ಚೇಂಜ್ ಚಾಲೂ ಆಯಿತು. ದೇಶದಲ್ಲೇ ಆ ನಮೂನೆಯ ಮೊದಲನೆಯದು. ನಮ್ಮವರೇ ಮಾಡಿದ್ದು, ಏರ್ ಕಂಡೀಷನ್ ಬೇಡದ್ದು. ಅಲ್ಲಿಂದ ಹಳ್ಳಿಗಳಿಗೆ ಫೋನು ಬಂತು, ತಾಮ್ರದ ತಂತಿಯಲ್ಲಿ. ತಾಮ್ರದ ಗುಣ ಏನೆಂದರೆ ಮೂರು-ನಾಲ್ಕು ಕಿಲೋಮೀಟರ್ ದಾಟುವುದರೊಳಗೆ ಇಂಟರ್‌ನೆಟ್ಟಿನ ಜೀವ ಸೋರಿ ಹೋಗುತ್ತದೆ. ಕಳ್ಳರಿಗೂ ಅದು ಬೇಕು. ಗುಡುಗು ಮಿಂಚಿಗಂತೂ ರಾಜಮಾರ್ಗ. ಮುಂಗಾರಿನ ಮೊದಲ ಸಿಡಿಲಿಗೆ ಸಾಲಾಗಿ ಮೋಡೆಮ್ ಸುಟ್ಟುಕೊಂಡ ಮನೆಗಳು ಎಷ್ಟಿಲ್ಲ!

ಈಗ ಬಂದಿರುವುದು ಗಾಜು. ಎಳೆಯ ದಪ್ಪ ಮಿಲಿಮೀಟರಿನ ಎಂಟನೇ ಒಂದು ಪಾಲು. ಅದರಲ್ಲೂ ಬೆಳಕು ಓಡುವ ನಡುವಿನ ದಾರಿ 9 ಮೈಕ್ರಾನ್ ಮಾತ್ರ, ತಲೆಗೂದಲಿನ ದಪ್ಪದಲ್ಲಿ ಎಂಟನೇ ಒಂದರಷ್ಟು. ಗಾಜು ಇಷ್ಟು ಶುದ್ಧವಾದರೆ ಬೆಳಕು ಬಹುದೂರ ಹೋದೀತು ಅಂತ ಚಾರ್ಲ್ಸ್ ಕಾವ್ ಎಂಬ ವಿಜ್ಞಾನಿ 1966ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ನೊಬೆಲ್ ಬಂದದ್ದು 2009ರಲ್ಲಿ, 43 ವರ್ಷ ಕಾದ ಮೇಲೆ. ನಮ್ಮ ಪಿಂಚಣಿ ಅರ್ಜಿಗಳೇ ವಾಸಿ.

ಬೆಳಕು ಗಾಜಿನೊಳಗೆ ಸೆಕೆಂಡಿಗೆ ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಬಸ್ಸಿನವನು ಆರು ಗಂಟೆ ತಗೊಂಡರೆ, ಬೆಳಕಿಗೆ ಸೆಕೆಂಡಿನ ಸಾವಿರದಲ್ಲಿ ಒಂದೆರಡು ಪಾಲು ಸಾಕು. ಎಕ್ಸ್‌ಚೇಂಜಿನಿಂದ ಇಪ್ಪತ್ತು ಕಿ.ಮೀ. ಹೋದ ಮೇಲೂ ಹೊರಟ ಬೆಳಕಿನಲ್ಲಿ ಐದನೇ ಒಂದು ಪಾಲಿಗಿಂತ ಹೆಚ್ಚೇ ಉಳಿದಿರುತ್ತದೆ. ಹಾಗಾಗಿ "ನಿಮ್ಮ ಊರು ದೂರ ಸಾರ್, ಅದಕ್ಕೇ ಸ್ಲೋ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ತಾಮ್ರದ ಕಾಲದ ಸಬೂಬು ಅದು.

ದಾರಿ ಹೀಗಿದೆ. ಎಕ್ಸ್‌ಚೇಂಜಿನಲ್ಲಿ ಬೆಳಕು ಹುಟ್ಟಿಸುವ ಒಂದು ಪೆಟ್ಟಿಗೆ, ಓಎಲ್‌ಟಿ ಅಂತ ಹೆಸರು. ಅಲ್ಲಿಂದ ಒಂದೇ ಎಳೆ ಊರಿನ ಹತ್ತಿರ ಬರುತ್ತದೆ. ಕಂಬದ ಮೇಲಿನ ಡಬ್ಬಿಯಲ್ಲಿ ಆ ಎಳೆ ಎಂಟೋ ಹದಿನಾರೋ ಮೂವತ್ತೆರಡೋ ಕವಲಾಗುತ್ತದೆ. ಆ ಡಬ್ಬಿ ಸ್ಪ್ಲಿಟರ್. ಅದಕ್ಕೆ ಕರೆಂಟು ಬೇಡ, ಬ್ಯಾಟರಿ ಬೇಡ, ಬರೀ ಗಾಜು. ಹಳ್ಳಿಗೆ ಇದು ಹೊಂದಿಕೊಂಡದ್ದೇ ಇದರಿಂದ. ಪ್ರತಿ ಕವಲಿನಿಂದ ಒಂದು ತೆಳು ವಯರು ನಿಮ್ಮ ಮನೆಗೆ ಬಂದು, ಗೋಡೆ ಮೇಲಿನ ಓಎನ್‌ಟಿ ಅನ್ನುವ ಪೆಟ್ಟಿಗೆಯಲ್ಲಿ ಮುಗಿಯುತ್ತದೆ. ಬೆಳಕನ್ನು ಮತ್ತೆ ಇಂಟರ್‌ನೆಟ್ ಮಾಡಿ ವೈಫೈಗೆ ಕೊಡುವುದು ಆ ಪೆಟ್ಟಿಗೆ.

ಒಂದು ವಿಚಿತ್ರ ನೋಡಿ. ಮೂವತ್ತೆರಡು ಕವಲಾದರೆ ಒಬ್ಬೊಬ್ಬರಿಗೆ ಸಿಗುವುದು ಮೂವತ್ತೆರಡನೇ ಒಂದು ಪಾಲಿಗಿಂತ ಕಡಿಮೆ ಬೆಳಕು. ಇಪ್ಪತ್ತು ಕಿಲೋಮೀಟರ್ ಗಾಜು ತಿನ್ನದಷ್ಟು ಬೆಳಕನ್ನು ಅಂಗೈಯಗಲದ ಡಬ್ಬಿ ತಿಂದು ಹಾಕುತ್ತದೆ. ಸ್ಪೀಡಿನ ಕಥೆಯೂ ಅಲ್ಲೇ ಇದೆ. ಈಗ ಹೆಚ್ಚಾಗಿ ಬಳಕೆಯಲ್ಲಿರುವ ಜಿಪಾನ್ ಎಂಬ ಪದ್ಧತಿಯಲ್ಲಿ ಆ ಒಂದು ಎಳೆಯ ಒಟ್ಟು ಸಾಮರ್ಥ್ಯ ಬರುವ ದಿಕ್ಕಿಗೆ ಸುಮಾರು ಎರಡೂವರೆ ಸಾವಿರ ಎಂಬಿಪಿಎಸ್, ಹೋಗುವ ದಿಕ್ಕಿಗೆ ಅದರ ಅರ್ಧ. ಮೂವತ್ತೆರಡು ಮನೆಯವರೂ ಒಂದೇ ಕ್ಷಣ ಪೂರ್ತಿ ಎಳೆದರೆ ತಲಾ 78ರ ಹತ್ತಿರ. ಹಾಗೆ ಎಲ್ಲರೂ ಒಟ್ಟಿಗೆ ಎಳೆಯುವುದಿಲ್ಲ ಅನ್ನುವ ಧೈರ್ಯದ ಮೇಲೇ ಕಂಪನಿಗಳು 100, 200 ಅಂತ ಮಾರುವುದು. ಬಸ್ಸಿನಲ್ಲಿ ಸೀಟು ಐವತ್ತು, ಪಾಸು ಇನ್ನೂರು ಕೊಟ್ಟ ಹಾಗೆ. ತಪ್ಪೇನಲ್ಲ, ಆದರೆ ತಿಳಿದಿರಲಿ.

ಬರುವ ಬೆಳಕು ಎಲ್ಲಾ ಮನೆಗೂ ಒಂದೇ. ಪಕ್ಕದ ಮನೆಯವರ ಸಿನಿಮಾ ನಿಮ್ಮ ಪೆಟ್ಟಿಗೆವರೆಗೂ ಬಂದಿರುತ್ತದೆ. ಆದರೆ ಬೀಗ ಹಾಕಿರುತ್ತದೆ, ನಿಮ್ಮ ಪೆಟ್ಟಿಗೆ ತನ್ನದನ್ನಷ್ಟೇ ತೆಗೆದುಕೊಂಡು ಮಿಕ್ಕಿದ್ದು ಬಿಡುತ್ತದೆ. ಹೋಗುವಾಗ ಹಾಗಲ್ಲ. ಎಲ್ಲರೂ ಒಟ್ಟಿಗೆ ಕಳಿಸಿದರೆ ಕಲಸುಮೇಲೋಗರ. ಅದಕ್ಕೆ ಎಕ್ಸ್‌ಚೇಂಜಿನ ಪೆಟ್ಟಿಗೆ ರೇಷನ್ ಅಂಗಡಿಯವನ ಹಾಗೆ ಸರದಿ ಕೂಗುತ್ತದೆ, ನಿನ್ನದು ಈಗ, ನಿನ್ನದು ಆಮೇಲೆ ಅಂತ. ಸೆಕೆಂಡಿಗೆ ಸಾವಿರಾರು ಸಲ.

ಇನ್ನು ಇದು ಹಳ್ಳಿಗೆ ಬಂದ ಕಥೆ. 2011ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಗಾಜಿನ ತಂತಿ ಎಳೆಯುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2015ರಲ್ಲಿ ಭಾರತ್‌ನೆಟ್ ಅಂತ ನಾಮಕರಣ. ಕೇಬಲನ್ನು ಪ್ಲಾಸ್ಟಿಕ್ ಕೊಳವೆಯಲ್ಲಿ ಹಾಕಿ 165 ಸೆಂಟಿಮೀಟರ್ ಆಳದಲ್ಲಿ ಹೂಳಬೇಕು ಅಂತ ನಿಯಮ. ಆಳೆತ್ತರದ ಗುಂಡಿ. ಬಂಡೆ ಬಂದಲ್ಲಿ, ಗುತ್ತಿಗೆದಾರನ ಬೆನ್ನು ನೋಯುವಲ್ಲಿ ಏನಾಗುತ್ತದೆ ಅಂತ ಓದುಗರಿಗೆ ನಾವು ಹೇಳಬೇಕಾಗಿಲ್ಲ.

ಯೋಜನೆಯಲ್ಲಿ ಎರಡು ಕೊರತೆ ಇತ್ತು. ಒಂದು, ತಂತಿ ಹೋದದ್ದು ಪಂಚಾಯಿತಿ ಕಟ್ಟಡಕ್ಕೆ. ಪಂಚಾಯಿತಿ ಮನೆ ಅಲ್ಲವಲ್ಲ ಸ್ವಾಮಿ. ಇನ್ನೊಂದು, ತಂತಿ ಹೋದದ್ದು ಹೆಚ್ಚಾಗಿ ಒಂಟಿ ದಾರಿಯಲ್ಲಿ. ಮಧ್ಯೆ ಎಲ್ಲಾದರೂ ಒಂದು ಕಡೆ ಕಡಿದರೆ ಅದರಾಚೆಗಿನ ಪಂಚಾಯಿತಿಗಳೆಲ್ಲ ಕತ್ತಲೆ. 2023ರ ಆಗಸ್ಟಿನಲ್ಲಿ ಸುಮಾರು 1.39 ಲಕ್ಷ ಕೋಟಿ ರೂಪಾಯಿಯ ತಿದ್ದುಪಡಿ ಯೋಜನೆಗೆ ಒಪ್ಪಿಗೆ ಸಿಕ್ಕಾಗ, ತಂತಿಯನ್ನು ಬಳೆಯಂತೆ ಸುತ್ತು ಹಾಕಿಸುತ್ತೇವೆ, ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಬೆಳಕು ಬರುತ್ತದೆ ಅಂದರು. ಐದು ವರ್ಷದಲ್ಲಿ ಒಂದೂವರೆ ಕೋಟಿ ಹಳ್ಳಿ ಮನೆಗಳಿಗೆ ಸಂಪರ್ಕ ಕೊಡುವ ಗುರಿಯನ್ನೂ ಸೇರಿಸಿದರು. ಒಳ್ಳೆಯದೇ. ಆದರೆ ಬಳೆ ಇರುವುದು ಪಂಚಾಯಿತಿವರೆಗೆ. ಅಲ್ಲಿಂದ ನಿಮ್ಮ ಅಂಗಡಿಗೆ ಇವತ್ತಿಗೂ ಒಂದೇ ವಯರು, ಅಡಿಕೆ ಮರದ ಮೇಲೆ.

ಆ ಕೊನೆಯ ವಯರು ಎಳೆಯುವವರು ಯಾರು? ಹೆಚ್ಚಿನ ಕಡೆ ಕಂಪನಿಯ ನೌಕರರಲ್ಲ. ಸರಕಾರಿ ಕಂಪನಿಯಿರಲಿ, ಖಾಸಗಿಯಿರಲಿ, ಊರಿನ ಒಬ್ಬ ಪಾಲುದಾರ ಇರುತ್ತಾನೆ. ಎಷ್ಟೋ ಕಡೆ ಮೊದಲು ಕೇಬಲ್ ಟಿವಿ ನಡೆಸಿದವರೇ. ಕಂಬ ಅವರದು, ವಯರು ಅವರದು, ಹುಡುಗರು ಅವರವರು. ತಿಂಗಳ ಬಿಲ್ಲಿನಲ್ಲಿ ಒಂದು ಪಾಲು ಅವರಿಗೆ. ಬಯಲುಸೀಮೆಯಲ್ಲಿ ಒಂದೇ ಬೀದಿಯಲ್ಲಿ ನಲವತ್ತು ಮನೆ ಸಿಕ್ಕರೆ ಈ ಲೆಕ್ಕ ಕೂಡುತ್ತದೆ. ನಮ್ಮಲ್ಲಿ? ಒಂದು ಮನೆ ತೋಟದ ಈಚೆ, ಇನ್ನೊಂದು ಹಳ್ಳದಾಚೆ. ಎರಡು ಮನೆಗೆ ಒಂದು ಕಿಲೋಮೀಟರ್ ವಯರು. ಗಾಳಿ ಬಂದರೆ ಹೆಡಲು ಬೀಳುತ್ತದೆ, ಮಂಗ ಜೋಕಾಲಿ ಆಡುತ್ತದೆ. ಪಾಲುದಾರನ ಪಾಲು ಅವನ ಬೈಕಿನ ಪೆಟ್ರೋಲಿಗೆ ಸಾಲದು. ಆತನೂ ಕೆಟ್ಟವನಲ್ಲ. ಮೂರು ಮನೆಯ ದೂರು ಒಟ್ಟಾಗಲಿ, ಒಂದೇ ಸಲ ಹೋಗೋಣ ಅಂತ ಕಾಯುತ್ತಾನೆ.

ನಮ್ಮ ಮನೆಯದೇ ಕಥೆ ಕೇಳಿ. ರಸ್ತೆ ಬದಿ ಚರಂಡಿ ತೋಡಲು ಜೆಸಿಬಿ ಬಂತು. ಒಂದೇ ಏಟು. ಪೆಟ್ಟಿಗೆಯಲ್ಲಿ ಕೆಂಪು ದೀಪ. ಕಂಪನಿಗೆ ಫೋನು ಮಾಡಿದರೆ "ಪಾರ್ಟ್‌ನರ್‌ಗೆ ಹೇಳಿದ್ದೀವಿ ಸಾರ್." ಪಾರ್ಟ್‌ನರ್‌ನನ್ನು ಕೇಳಿದರೆ "ಕಡಿದವರು ರಸ್ತೆ ಕಂಟ್ರಾಕ್ಟರು, ಅವರನ್ನು ಕೇಳಿ." ಕಂಟ್ರಾಕ್ಟರು "ಅಲ್ಲಿ ವಯರಿದೆ ಅಂತ ನಮಗೆ ಯಾರು ಹೇಳಿದ್ರು?" ಒಂಬತ್ತು ದಿನ ಹೀಗೇ ಆಯಿತು. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ ಅಂತ ಬರೆಯುವುದು ಈ ಪುಟದ ವಾಡಿಕೆ. ಸಂಬಂಧಪಟ್ಟವರು ಯಾರು ಅಂತಲೇ ಗೊತ್ತಾಗದೆ ಕೈ ಕಟ್ಟಿ ಕೂತದ್ದು ಅದೇ ಮೊದಲು.

ಹತ್ತನೇ ದಿನ ಒಬ್ಬ ಹುಡುಗ ಬಂದ. ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ಪವರ್ ಮೀಟರ್ ತೆಗೆದು ನೋಡಿದ, ಬೆಳಕಿಲ್ಲ. ಕಡಿದ ಜಾಗ ಕಣ್ಣಿಗೆ ಕಾಣದಿದ್ದರೆ ಓಟಿಡಿಆರ್ ಅಂತ ಇನ್ನೊಂದು ಯಂತ್ರ ಇದೆಯಂತೆ. ಎಳೆಯೊಳಗೆ ಬೆಳಕು ಬಿಟ್ಟು, ವಾಪಸು ಬರುವ ಪ್ರತಿಧ್ವನಿಯ ಲೆಕ್ಕದಲ್ಲಿ ಇಷ್ಟು ಮೀಟರಿನಲ್ಲಿ ಕಡಿದಿದೆ ಅಂತ ಹೇಳುತ್ತದೆ. ನಮ್ಮದಕ್ಕೆ ಅದು ಬೇಕಾಗಲಿಲ್ಲ, ಜೆಸಿಬಿ ಗುರುತು ಇತ್ತಲ್ಲ. ಮಣ್ಣು ಒರೆಸಿ ಕೇಬಲ್ ಸುಲಿದ. ಒಳಗಿನ ಎಳೆಗಳಿಗೆ ಬಣ್ಣ: ನೀಲಿ, ಕಿತ್ತಳೆ, ಹಸಿರು, ಕಂದು, ಬೂದಿ, ಬಿಳಿ... ಮಗ್ಗಿ ಹೇಳಿದ ಹಾಗೆ ಹೇಳಿದ. ನೀಲಿಗೆ ನೀಲಿ, ಹಸಿರಿಗೆ ಹಸಿರು ಕೂಡಿಸಬೇಕು, ತಪ್ಪಿದರೆ ಒಬ್ಬರ ಲೈನು ಇನ್ನೊಬ್ಬರಿಗೆ. ಎಳೆಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ತುದಿಯನ್ನು ನೇರ ಕತ್ತರಿಸಿ, ಸ್ಪ್ಲೈಸಿಂಗ್ ಮೆಷೀನಿನಲ್ಲಿ ಎದುರುಬದುರು ಇಟ್ಟ. ಮೆಷೀನೇ ಎರಡನ್ನೂ ಒಂದು ಗೆರೆಗೆ ತಂದು, ಕಿಡಿ ಹಾರಿಸಿ, ಗಾಜನ್ನು ಕರಗಿಸಿ ಬೆಸೆಯಿತು. ಮೇಲೊಂದು ತೋಳು ಹಾಕಿ ಬಿಸಿ ಮಾಡಿದ. ಮನೆಗೆ ಬಂದು ಮೀಟರು ಹಿಡಿದ: ಮೈನಸ್ 21. "ಮೈನಸ್ 25ರೊಳಗಿದ್ದರೆ ಬೊಂಬಾಟ್ ಸಾರ್, 27 ದಾಟಿದರೆ ಹೋಗಿ ಬಂದು ಮಾಡ್ತದೆ." ಹಸಿರು ದೀಪ. ಇಷ್ಟಕ್ಕೆ ಹಿಡಿದದ್ದು ಅರ್ಧ ಗಂಟೆಗೂ ಕಡಿಮೆ.

ಅರ್ಧ ಗಂಟೆಯ ಕೆಲಸಕ್ಕೆ ಒಂಬತ್ತು ದಿನ! ಯಾಕೆ ಅಂತ ಹುಡುಗನನ್ನೇ ಕೇಳಿದೆವು. "ಒಳ್ಳೆ ಮೆಷೀನು ಲಕ್ಷ ದಾಟ್ತದೆ ಸಾರ್. ನಮ್ಮ ಹತ್ರ ಇರೋದು ಒಂದು. ಅದನ್ನ ಹೊತ್ಕೊಂಡು ನಾನೊಬ್ಬನೇ ತಿರುಗೋದು." ಟೀ ಕುಡಿದು, ಮಳೆ ಬರುವುದರೊಳಗೆ ಇನ್ನೊಂದು ಊರಿಗೆ ಹೊರಟ.

ಅಗೆಯುವವರಿಗೆ ನೆಪ ಹೇಳಲು ಜಾಗವಿಲ್ಲ. 2023ರ ಮಾರ್ಚ್ 22ರಂದು ಕೇಂದ್ರ ಸರಕಾರ 'ಕಾಲ್ ಬಿಫೋರ್ ಯು ಡಿಗ್' ಅಂತ ಮೊಬೈಲ್ ಆ್ಯಪ್ ಬಿಟ್ಟಿದೆ. ಅಗೆಯುವ ಮೊದಲು ಅಲ್ಲಿ ಯಾರ ಯಾರ ಕೇಬಲ್ಲು, ಪೈಪು ಇದೆ ಅಂತ ತಿಳಿದು ಅವರಿಗೆ ತಿಳಿಸುವುದಕ್ಕೆ. ಹೇಳದೆ ಕೇಳದೆ ಅಗೆಯುವುದರಿಂದ ದೇಶಕ್ಕೆ ವರ್ಷಕ್ಕೆ ಸುಮಾರು 3000 ಕೋಟಿ ರೂಪಾಯಿ ನಷ್ಟ ಅಂತ ಆಗ ಸರಕಾರವೇ ಲೆಕ್ಕ ಕೊಟ್ಟಿತ್ತು. ಆ್ಯಪು ಇದೆ, ಜೆಸಿಬಿಯವನ ಜೇಬಿನಲ್ಲಿ ಮೊಬೈಲೂ ಇದೆ. ಎರಡೂ ಭೇಟಿಯಾಗಬೇಕು, ಅಷ್ಟೆ. ಕೆಲಸದ ಆದೇಶ ಕೊಡುವಾಗ ಪಂಚಾಯಿತಿಯವರು ಇದನ್ನೊಂದು ಷರತ್ತು ಮಾಡಿದರೆ ಕಾಸೂ ಖರ್ಚಿಲ್ಲ.

ಈಗ ಹಾಕಿಸುವವರಿಗೆ. ಸ್ಪೀಡಿನ ಮಾತು ಆಮೇಲೆ ಆಡಿ. ಮೊದಲು ಕೇಳಬೇಕಾದ್ದು, ನಿಮ್ಮ ಹತ್ತಿರ ಸ್ಪ್ಲೈಸಿಂಗ್ ಮೆಷೀನು ಇದೆಯೋ, ಬಾಡಿಗೆಗೆ ತರುತ್ತೀರೋ? ಎಷ್ಟು ಜನ ಹುಡುಗರು? ಹಳೆಯ ಗಿರಾಕಿ ಒಬ್ಬರ ಹೆಸರು ಹೇಳಿ ಅನ್ನಿ, ಅವರನ್ನು ಹೋಗಿ ಕೇಳಿ. ಹಾಕುವ ದಿನ ಮೀಟರಿನ ಅಂಕಿ ನೋಡಿ ಗೋಡೆ ಮೇಲೆ ಪೆನ್ಸಿಲಿನಲ್ಲಿ ಬರೆದಿಡಿ. ಮುಂದೆ ಸ್ಲೋ ಆದಾಗ ಮತ್ತೆ ಅಳೆಸಿದರೆ ತಪ್ಪು ವಯರಿನದೋ ಹಿಂದಿನದೋ ಅಂತ ಗೊತ್ತಾಗುತ್ತದೆ. ವಯರನ್ನು ಮೊಳೆಗೆ ಸುತ್ತಿ, ಕಿಟಕಿ ಬಾಗಿಲಿಗೆ ಸಿಕ್ಕಿಸಿ ಮಡಿಸಬೇಡಿ. ಚೂಪಾಗಿ ಬಾಗಿದಲ್ಲಿ ಬೆಳಕು ಹೊರಗೆ ಸೋರುತ್ತದೆ. ಹಸಿರು ತುದಿಯ ಕನೆಕ್ಟರನ್ನು ಕಿತ್ತು ಊದಿ ಹಾಕುವ ಚಟ ಬೇಡ, ಒಂದು ಧೂಳಿನ ಕಣ ಸಾಕು. ಕಿತ್ತ ತುದಿಯನ್ನು ಕಣ್ಣಿಗೆ ಹಿಡಿದು ನೋಡಲೇಬಾರದು. ಒಳಗಿನ ಬೆಳಕು ಕಣ್ಣಿಗೆ ಕಾಣದ ಜಾತಿಯದು, ಕಾಣದಿದ್ದರೂ ಕಣ್ಣಿಗೆ ಒಳ್ಳೆಯದಲ್ಲ.

ಸಿಡಿಲಿನ ವಿಚಾರ. ಗಾಜಿನಲ್ಲಿ ಕರೆಂಟು ಹರಿಯುವುದಿಲ್ಲ, ಆ ಮಟ್ಟಿಗೆ ನಿಶ್ಚಿಂತೆ. ಆದರೆ ಮರದಿಂದ ಮರಕ್ಕೆ ಎಳೆಯುವ ಎಷ್ಟೋ ವಯರುಗಳಿಗೆ ಜಗ್ಗದಿರಲಿ ಅಂತ ಉಕ್ಕಿನ ತಂತಿ ಸೇರಿಸಿರುತ್ತಾರೆ. ಅದನ್ನು ಮನೆಯೊಳಗೆ ತರಿಸಬೇಡಿ, ಹೊರಗಿನ ಕೊಕ್ಕೆಯಲ್ಲೇ ಕತ್ತರಿಸಿ ನಿಲ್ಲಿಸಲು ಹೇಳಿ. ಪೆಟ್ಟಿಗೆಯ ಪ್ಲಗ್ಗನ್ನು ಗುಡುಗು ಬಂದಾಗ ಕೀಳುವುದು ಹಳೆಯ ಪದ್ಧತಿ, ಈಗಲೂ ಬೇಕು. ಮನೆಯ ಕರೆಂಟು ಹೋದರೆ ಪೆಟ್ಟಿಗೆಯೂ ಹೋಗುತ್ತದೆ. ಒಂದು ಚಿಕ್ಕ 12 ವೋಲ್ಟಿನ ಬ್ಯಾಟರಿ ಯುಪಿಎಸ್ ಇಟ್ಟುಕೊಂಡರೆ ಅಂಗಡಿ ವ್ಯಾಪಾರ ನಿಲ್ಲುವುದಿಲ್ಲ.

ಕಡಿದಾಗ ಹುಡುಗನಿಗೆ ವಾಟ್ಸಾಪ್ ಮಾಡಿ ಸುಮ್ಮನಾಗಬೇಡಿ. ಕಂಪನಿಗೇ ಫೋನು ಮಾಡಿ ದೂರು ಕೊಡಿ, ದೂರಿನ ನಂಬರು ಕೇಳಿ. ಟ್ರಾಯ್ 2012ರಲ್ಲಿ ಮಾಡಿದ ನಿಯಮದ ಪ್ರಕಾರ ಆ ನಂಬರು ಕೊಡಲೇಬೇಕು. ಕೆಲಸ ಆಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು, ಫೀಸಿಲ್ಲ. ಹುಡುಗನಿಗೆ ಬೈದು ಪ್ರಯೋಜನವಿಲ್ಲ, ಆತ ಬಿಸಿಲಲ್ಲೂ ಮಳೆಯಲ್ಲೂ ಕಂಬ ಹತ್ತುವವನು.

ಮೊನ್ನೆ ಅದೇ ದಾರಿಯಲ್ಲಿ ಬಸ್ಸಿನಲ್ಲಿ ಬರುವಾಗ ಕಿಟಕಿಯಿಂದ ನೋಡಿದೆವು. ಅಕ್ಕಿ ಮೂಟೆಗೆ ಒರಗಿದ ರಟ್ಟು ಕಾಣಲಿಲ್ಲ. ಅಂಗಡಿಯವರು ಹೊರಗೆ ಬಂದು ಮಾಡಿನ ಕೆಳಗೆ ನಿಂತು, ವಯರಿನ ಮೇಲೆ ಬಿದ್ದ ಒಣ ಹೆಡಲನ್ನು ದೋಟಿಯಿಂದ ಮೆಲ್ಲಗೆ ಎಬ್ಬಿಸುತ್ತಿದ್ದರು.