ಕೈಗುಣ ಮತ್ತು ಕೈಯ ಮಿತಿ

ವೈದ್ಯರ ಮನೆಯಲ್ಲಿ ಕೈಗುಣವೂ ಆಸ್ತಿಯಂತೆ ತಂದೆಯಿಂದ ಮಗನಿಗೆ ಬರುತ್ತದೆಂಬ ನಂಬಿಕೆ ನಮ್ಮಲ್ಲಿ ಹಳೆಯದು. ಅಮೆರಿಕದಲ್ಲಿ ಒಂದು ಚಿಕಿತ್ಸಾಪದ್ಧತಿಯೇ ಮೂರು ತಲೆಮಾರುಗಳ ಕಾಲ ಒಂದು ಮನೆತನದ ಆಶ್ರಯದಲ್ಲಿ ಬೆಳೆಯಿತು. ಅದೇ ಕೈರೊಪ್ರಾಕ್ಟಿಕ್, ಬೆನ್ನೆಲುಬಿನ ಕೀಲುಗಳನ್ನು ಬರಿಗೈಯಿಂದ ಒತ್ತಿ ನೋವು ನೀಗಿಸುವ ವಿದ್ಯೆ. ಅದರ ಹೆಸರಿನ ಗ್ರೀಕ್ ಮೂಲದ ಅರ್ಥವೂ ‘ಕೈಯಿಂದ ಮಾಡಿದ್ದು’ ಎಂದೇ.

ಇದರ ಮೂಲಪುರುಷರು ಡೇನಿಯಲ್ ಡೇವಿಡ್ ಪಾಮರ್. 1845ರಲ್ಲಿ ಕೆನಡಾದಲ್ಲಿ ಜನಿಸಿದ ಅವರು ಅಯೋವಾ ರಾಜ್ಯದ ಡ್ಯಾವನ್‌ಪೋರ್ಟ್ ಪಟ್ಟಣದಲ್ಲಿ ಕಾಂತಚಿಕಿತ್ಸೆ ನಡೆಸುತ್ತಿದ್ದರು. ಅವರಿದ್ದ ಕಟ್ಟಡವನ್ನು ಗುಡಿಸಿ ಒಪ್ಪವಾಗಿಡುತ್ತಿದ್ದ ಹಾರ್ವೆ ಲಿಲ್ಲಾರ್ಡ್ ಎಂಬಾತನಿಗೆ ಕಿವಿ ಮಂದ. 1895ರಲ್ಲಿ ಆತನ ಬೆನ್ನಿನ ಮೂಳೆಯೊಂದನ್ನು ಒತ್ತಲಾಗಿ ಕಿವಿ ಕೇಳತೊಡಗಿತೆಂದು ಪಾಮರ್ ಹೇಳಿಕೊಂಡರು. 1897ರಲ್ಲಿ ಶಾಲೆಯೊಂದು ಹುಟ್ಟಿತು. 1906ರಲ್ಲಿ, ಪರವಾನಗಿಯಿಲ್ಲದೆ ವೈದ್ಯ ಮಾಡಿದ ಆಪಾದನೆಯ ಮೇಲೆ ಅವರು ಸೆರೆಮನೆ ಕಂಡರು. ಶಾಲೆ ಮಗ ಬಿ.ಜೆ. ಪಾಮರ್ ಅವರ ಕೈಸೇರಿತು. ಸೊಸೆ ಮೇಬಲ್ ಅಲ್ಲಿ ಅಂಗರಚನಾಶಾಸ್ತ್ರ ಕಲಿಸಿದರು. ಮಗನಾದರೋ 1922ರಲ್ಲಿ ಬಾನುಲಿ ಕೇಂದ್ರವೊಂದನ್ನೇ ಕೊಂಡರು! 1961ರಲ್ಲಿ ಅವರು ತೀರಿಕೊಂಡ ಮೇಲೆ ಹೊಣೆ ಮೊಮ್ಮಗ ಡೇವಿಡ್ ಅವರಿಗೆ ಬಂತು.

ನೂರಕ್ಕೆ 95 ರೋಗಗಳಿಗೆ ಬೆನ್ನೆಲುಬಿನ ಮಣಿಗಳು ಸರಿದಿರುವುದೇ ಕಾರಣವೆಂಬುದು ಹಿರಿಯ ಪಾಮರ್ ಅವರ ಸಿದ್ಧಾಂತ. ವಿಜ್ಞಾನ ಇದನ್ನು ಒಪ್ಪಿಲ್ಲ. ಶ್ರವಣದ ನರವು ಕಿವಿಯಿಂದ ಮಿದುಳಿಗೆ ತಲೆಬುರುಡೆಯೊಳಗೇ ಹಾದುಹೋಗುತ್ತದೆ. ಅದು ಬೆನ್ನಿಗೆ ಇಳಿಯುವುದೇ ಇಲ್ಲ. ಒತ್ತಿದಾಗ ಕೇಳಿಬರುವ ‘ಚಟ್’ ಎಂಬ ಸದ್ದು ಕೂಡ ಮೂಳೆ ಸ್ವಸ್ಥಾನಕ್ಕೆ ಮರಳಿದ ಗುರುತಲ್ಲ. ಕೀಲಿನ ದ್ರವದಲ್ಲಿ ಒತ್ತಡ ಥಟ್ಟನೆ ಇಳಿದು ಅನಿಲದ ಪೊಳ್ಳು ಏರ್ಪಡುವುದರಿಂದ ಆಗುವ ಸದ್ದು.

ಹಾಗೆಂದು ಎಲ್ಲವನ್ನೂ ತಳ್ಳಿಹಾಕುವುದು ನ್ಯಾಯವಲ್ಲ. 2017ರಲ್ಲಿ ಅಮೆರಿಕದ ವೈದ್ಯರ ಕಾಲೇಜು ನಡುನೋವಿಗೆ ಮದ್ದಿಗಿಂತ ಮೊದಲು ಪರಿಗಣಿಸಬಹುದಾದ ಉಪಾಯಗಳಲ್ಲಿ ಶಾಖ, ಅಂಗಮರ್ದನಗಳ ಜೊತೆಗೆ ಈ ಕೈಚಿಕಿತ್ಸೆಯನ್ನೂ ಹೆಸರಿಸಿತು. ಉಪಶಮನ ಸಾಧಾರಣವಾದದ್ದೇ, ಹೊಸ ನಡುನೋವು ಎಷ್ಟೋ ವೇಳೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆದರೂ ನೋವುಂಡ ವ್ಯಕ್ತಿಯನ್ನು ಕೂರಿಸಿ, ಎಲ್ಲಿ, ಎಂದಿನಿಂದ ಎಂದು ಕೇಳಿ, ಆ ಜಾಗವನ್ನು ಮುಟ್ಟಿ ನೋಡುವ ವ್ಯವಧಾನ ಸಣ್ಣ ಉಪಚಾರವಲ್ಲ. ರೋಗಿ ಮತ್ತೆ ಅದೇ ಬಾಗಿಲಿಗೆ ಬರಲು ಇದೂ ಒಂದು ಕಾರಣ.

ಅಪಾಯವಿರುವುದೂ ಈ ವಿಶ್ವಾಸದಲ್ಲಿಯೇ. ಕತ್ತನ್ನು ಹಠಾತ್ತನೆ ತಿರುವಿದಾಗ, ಅಪರೂಪಕ್ಕಾದರೂ, ರಕ್ತನಾಳ ಸೀಳಿ ಪಾರ್ಶ್ವವಾಯು ಬಡಿದದ್ದುಂಟು. ಬೆನ್ನುನೋವಿನೊಡನೆ ಜ್ವರ ಬಂದರೆ, ಕಾಲು ಸೋತರೆ, ಮೂತ್ರದ ಹತೋಟಿ ತಪ್ಪಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಅಂಥ ರೋಗಿ ಬಂದಾಗ, ‘ಇದು ನನ್ನ ಕೆಲಸವಲ್ಲ’ ಎಂದು ಒಡನೆಯೇ ಹೇಳಿ ಕಳುಹಿಸುವವನೇ ಒಳ್ಳೆಯ ಚಿಕಿತ್ಸಕ. ತಂದೆಯಿಂದ ಮಗನು ಕೈಚಳಕ ಕಲಿಯಬಹುದು; ಅದಕ್ಕಿಂತ ಮೊದಲು ಕಲಿಯಬೇಕಾದ ಪಾಠ, ಕೈಯನ್ನು ಎಲ್ಲಿ ಹಿಂದೆಗೆಯಬೇಕೆಂಬುದು.