ಒಂದು ಹಲ್ಲಿನ ಲೆಕ್ಕ

ಬೈಕಿನ ಎಂಜಿನ್ನಿನ ಶಕ್ತಿ ಹಿಂದಿನ ಚಕ್ರವನ್ನು ಮುಟ್ಟುವುದು ಎರಡು ಹಲ್ಲುಚಕ್ರ ಮತ್ತು ಒಂದು ಚೈನಿನ ಮೂಲಕ. ಗೇರ್‌ಬಾಕ್ಸಿನ ಪಕ್ಕ, ಸಾಮಾನ್ಯವಾಗಿ ಎಡಗಡೆ ಕವರಿನೊಳಗೆ ಕೂತಿರುವುದು ಚಿಕ್ಕ ಸ್ಪ್ರಾಕೆಟ್. ಹಿಂದಿನ ಚಕ್ರದ ಜತೆ ತಿರುಗುವುದು ದೊಡ್ಡದು. ಚಿಕ್ಕದರಲ್ಲಿ 14, ದೊಡ್ಡದರಲ್ಲಿ 42 ಹಲ್ಲಿದ್ದರೆ, ಮುಂದಿನದು ಮೂರು ಸುತ್ತು ಹಾಕುವಷ್ಟರಲ್ಲಿ ಹಿಂದಿನ ಚಕ್ರ ಒಂದು ಸುತ್ತು ಮುಗಿಸುತ್ತದೆ. ಈ ಹಲ್ಲಿನ ಎಣಿಕೆಯನ್ನು ಕೊಂಚ ಬದಲಿಸಿ, ಅದೇ ವೇಗದಲ್ಲಿ ಎಂಜಿನ್ ಕಡಿಮೆ ಸುತ್ತು ತಿರುಗುವಂತೆ ಮಾಡಬಹುದು. ಹೆದ್ದಾರಿಯಲ್ಲಿ ದಿನವೂ ಓಡಾಡುವವರು ಕೈಕಾಲಿನ ಜೋಮು ತಾಳಲಾರದೆ ಗ್ಯಾರೇಜಿಗೆ ಬಂದು ಕೇಳುವ ‘ಸ್ಪ್ರಾಕೆಟ್ ಚೇಂಜ್’ ಎಂದರೆ ಇದೇ.

ಕೋಲಾರ ಜಿಲ್ಲೆಗೆ ಇದು ಹೊಂದುವ ವಿಷಯ. ಬೆಂಗಳೂರಿನಿಂದ ಹೊಸಕೋಟೆ, ನರಸಾಪುರ, ಕೋಲಾರ, ಮುಳಬಾಗಿಲು, ನಂಗಲಿ ದಾಟಿ ಆಂಧ್ರದ ಪಲಮನೇರಿನ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ ಹಳಬರ ಬಾಯಲ್ಲಿ ಇವತ್ತಿಗೂ ಎನ್‌ಎಚ್ 4 ಅಥವಾ ಮದ್ರಾಸ್ ರೋಡ್. ಅಗಲವಾದ ಈ ರಸ್ತೆಯಲ್ಲಿ 100–125 ಸಿಸಿ ಬೈಕಿನವರು ಟಾಪ್ ಗೇರಿನಲ್ಲೇ ಒಂದೇ ಸಮನೆ ಗಂಟೆಗಟ್ಟಲೆ ಹೋಗುತ್ತಾರೆ. ಆದರೆ ಕಂಪನಿ ಆ ಬೈಕುಗಳಿಗೆ ಗೇರ್ ಹೊಂದಿಸಿರುವುದು ಪೇಟೆಯ ಓಡಾಟಕ್ಕೆ: ಸಿಗ್ನಲ್ಲಿನಲ್ಲಿ ನಿಂತು ಹೊರಡಬೇಕು, ಇಬ್ಬರನ್ನು ಎಳೆಯಬೇಕು, ಏರಿನಲ್ಲಿ ಮುಗ್ಗರಿಸಬಾರದು. ಅಂಥ ಗಾಡಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಇನ್ನೊಂದು ಗೇರ್ ಇದ್ದಿದ್ದರೆ ಎನ್ನುವಂತೆ ಕಿರುಚುತ್ತದೆ.

ಲೆಕ್ಕ ಸರಳ. ಹಿಂದಿನ 42ನ್ನು ಮುಂದಿನ 14ರಿಂದ ಭಾಗಿಸಿದರೆ 3. ಮುಂದಿನದು 15 ಆದರೆ 2.8. ಮೊದಲು 80ರ ವೇಗದಲ್ಲಿ ಎಂಜಿನ್ ನಿಮಿಷಕ್ಕೆ 6,000 ಸುತ್ತು ಹಾಕುತ್ತಿದ್ದರೆ ಈಗ 5,600 ಸಾಕು. ಶೇ 7ರಷ್ಟು ಇಳಿಕೆ ದೊಡ್ಡದೆನಿಸದು. ಆದರೆ ಒಂಟಿ ಸಿಲಿಂಡರಿನ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಕೆಳಗೆ ಬಡಿದಾಡುವುದರಿಂದ ಏಳುವ ಅದುರುವಿಕೆಯ ಬಲ, ಸುತ್ತಿನ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ ಸುತ್ತು ಶೇ 7 ಇಳಿದರೆ ಆ ಬಲ ಇಳಿಯುವುದು ಸುಮಾರು ಶೇ 13. ಹ್ಯಾಂಡಲ್ ಹಿಡಿದ ಅಂಗೈಗೆ ತಿಳಿಯುವುದು ಈ ಹದಿಮೂರು.

ಎಣಿಕೆಯನ್ನು ಹಿಂದೆಯೂ ಬದಲಿಸಬಹುದು. ಮುಂದಿನ 14ನ್ನು ಹಾಗೇ ಬಿಟ್ಟು 42ರ ಜಾಗದಲ್ಲಿ 39 ಹಾಕಿದರೆ ಅನುಪಾತ 2.79 ಆಗುತ್ತದೆ. ಅಂದರೆ ಮುಂದೆ ಏರಿಸುವ ಒಂದು ಹಲ್ಲು, ಹಿಂದೆ ಇಳಿಸುವ ಮೂರು ಹಲ್ಲಿಗೆ ಸಮ. ಮುಂದಿನ ಸ್ಪ್ರಾಕೆಟ್ ಚಿಕ್ಕದು, ಬೆಲೆಯೂ ಕಡಿಮೆ, ಬೇಡವೆನಿಸಿದರೆ ಮರುದಿನವೇ ಹಳೆಯದನ್ನು ಕೂರಿಸಬಹುದು. ಮೆಕ್ಯಾನಿಕ್ಕುಗಳು ಮೊದಲು ಅದಕ್ಕೇ ಕೈಹಾಕಲು ಇಷ್ಟು ಸಾಕು. ಇನ್ನೂ ಒಂದು ಲಾಭವಿದೆ, ಅದು ಕಣ್ಣಿಗೆ ಬೀಳುವುದಿಲ್ಲ. ಸ್ಪ್ರಾಕೆಟ್ಟಿನ ಮೇಲೆ ಚೈನ್ ಪೂರ್ತಿ ದುಂಡಾಗಿ ಬಳಸುವುದಿಲ್ಲ. ಕೊಂಡಿ ಕೊಂಡಿಯಾಗಿ, ಬಹುಭುಜದಂತೆ ಮುರಿದು ಮುರಿದು ಕೂರುತ್ತದೆ. ಹೀಗಾಗಿ ಚೈನಿನ ವೇಗ ಪ್ರತಿ ಹಲ್ಲಿಗೂ ಒಂದಿಷ್ಟು ಏರಿಳಿಯುತ್ತದೆ. 13 ಹಲ್ಲಿನಲ್ಲಿ ಈ ಏರಿಳಿತ ಸುಮಾರು ಶೇ 2.9, 14ರಲ್ಲಿ 2.5, 15ರಲ್ಲಿ 2.2. ಮುಂದಿನ ಸ್ಪ್ರಾಕೆಟ್ ಹಿಗ್ಗಿದಷ್ಟೂ ಚೈನಿನ ಓಟ ನಯ, ಕೊಂಡಿಯ ಮಡಿಕೆ ಕಡಿಮೆ, ಸವೆತವೂ ಕಡಿಮೆ. ಚೈನಿನ ಕೊಂಡಿಗಳ ಎಣಿಕೆ ಸಾಮಾನ್ಯವಾಗಿ ಸಮಸಂಖ್ಯೆ. ಆದ್ದರಿಂದ ಬೆಸ ಎಣಿಕೆಯ ಹಲ್ಲಿಗೆ ಒಂದೇ ಕೊಂಡಿ ಮತ್ತೆ ಮತ್ತೆ ಬಂದು ಕೂರುವುದು ತಪ್ಪಿ, ಸವೆತ ಹಂಚಿಹೋಗುತ್ತದೆ. 14ರಿಂದ 15ಕ್ಕೆ ಹೋಗುವವರಿಗೆ ಇದು ಕೇಳದೆ ಬಂದ ಉಡುಗೊರೆ.

ಹಾಗಾದರೆ ಎಲ್ಲರೂ ಹಾಕಿಸಬಹುದೆ? ಇಲ್ಲಿ ಗಾಡಿಗಿಂತ ಗಾಡಿಯವನ ಕೆಲಸ ಮುಖ್ಯ. ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಕ್ಕೆ ಕೋಲಾರದಿಂದ ಒಬ್ಬನೇ ಪಾಳಿಗೆ ಹೋಗಿಬರುವವನಿಗೆ ಒಂದು ಹಲ್ಲು ಜಾಸ್ತಿಯಾದರೆ ಒಳ್ಳೆಯದೇ. ಶ್ರೀನಿವಾಸಪುರದಲ್ಲಿ ಮಾವಿನ ಕಾಲ ಬಂತೆಂದರೆ ಅದೇ ಬೈಕಿನ ಮೇಲೆ ತೋಟದಿಂದ ಮಂಡಿಗೆ ಕ್ರೇಟುಗಳು ಏರುತ್ತವೆ. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಬಾಕ್ಸ್ ಒಂದಕ್ಕೆ 15 ಕೆ.ಜಿ. ಲೆಕ್ಕ, ಆರು ಬಾಕ್ಸ್ ಹೇರಿದರೆ ಹಿಂದೆ ಇನ್ನೊಬ್ಬ ದಪ್ಪನೆಯ ಆಸಾಮಿ ಕೂತ ಹಾಗೆ. ಎರಡೂ ಕಡೆ 40 ಲೀಟರಿನ ಹಾಲಿನ ಕ್ಯಾನ್ ತೂಗುಹಾಕುವವರ ಭಾರವೂ ಅಷ್ಟೇ. ಇಂಥ ಗಾಡಿಗೆ ಮುಂದೆ ಹೆಚ್ಚು ಹಲ್ಲಿನ ಸ್ಪ್ರಾಕೆಟ್ ಹಾಕಿದರೆ ಹೊರಡುವಾಗ ಹಾಫ್ ಕ್ಲಚ್ ಹೆಚ್ಚು ಹಿಡಿಯಬೇಕು, ಕ್ಲಚ್ ಪ್ಲೇಟ್ ಸುಡುತ್ತದೆ, ಸಣ್ಣ ಏರಿಗೂ ಗೇರ್ ಇಳಿಸಬೇಕು. ಕಡಿಮೆ ಸುತ್ತಿನಲ್ಲೇ ಎಂಜಿನ್ನನ್ನು ಏದುಸಿರುಬಿಡಿಸಿ ಎಳೆಸಿದರೆ ಮೈಲೇಜೂ ಏರುವುದಿಲ್ಲ, ಬೇರಿಂಗಿಗೂ ಒಳ್ಳೆಯದಲ್ಲ. ಹೊಲ, ಮಂಡಿ, ಡೇರಿಯ ನಡುವೆ ದುಡಿಯುವ ಬೈಕಿಗೆ ಕಂಪನಿಯವರು ಕೊಟ್ಟ ಅನುಪಾತವೇ ಸರಿ.

ಹೆದ್ದಾರಿಯಲ್ಲೂ ಒಂದು ಮಿತಿಯಿದೆ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುವುದರಿಂದ, ಸಣ್ಣ ಎಂಜಿನ್ನಿಗೆ ಎತ್ತರದ ಗೇರ್ ಕೊಟ್ಟಾಕ್ಷಣ ಟಾಪ್ ಸ್ಪೀಡ್ ಹೆಚ್ಚುವುದಿಲ್ಲ. ಎದುರುಗಾಳಿಯಲ್ಲಿ ಇಳಿಯುವುದೂ ಉಂಟು. ಮುಳಬಾಗಿಲು ದಾಟಿ ಪಲಮನೇರಿನ ಆಚೆ ಮೊಗಿಲಿ ಘಾಟಿನಲ್ಲಿ ಇದರ ಪರೀಕ್ಷೆಯಾಗುತ್ತದೆ. ಚಿತ್ತೂರಿಗೆ ಇಳಿಯುವಾಗ ಎಂಜಿನ್ನಿನ ತಡೆ ಕಡಿಮೆ ಸಿಕ್ಕಿ ಬ್ರೇಕಿಗೆ ಕೆಲಸ ಹೆಚ್ಚು, ವಾಪಸ್ ಹತ್ತುವಾಗ ಟಾಪ್ ಗೇರ್ ಲೆಕ್ಕಕ್ಕಿಲ್ಲ. ಇನ್ನು ಅದುರುವಿಕೆ ಎಲ್ಲ ವೇಗದಲ್ಲೂ ಒಂದೇ ತರಹ ಇರುವುದಿಲ್ಲ. ಕೆಲವು ಗಾಡಿಗಳ ಹ್ಯಾಂಡಲ್, ಫುಟ್‌ರೆಸ್ಟ್ ಒಂದು ನಿರ್ದಿಷ್ಟ ಆರ್‌ಪಿಎಂನಲ್ಲಿ ಜುಮ್ಮೆನ್ನುತ್ತವೆ. ಅನುಪಾತ ಬದಲಿಸಿದ ಮೇಲೆ ಆ ಜುಮ್ಮು ಸವಾರನಿಗೆ ಪ್ರಿಯವಾದ ವೇಗದಲ್ಲೇ ಬಂದು ಕೂತರೆ ಹಣ ಕೊಟ್ಟು ತೊಂದರೆ ಕೊಂಡಂತೆ. ಎಂಜಿನ್ ಮೌಂಟಿಂಗ್, ಟೈರ್, ವೀಲ್ ಬೇರಿಂಗ್, ಹಳೆಯ ಚೈನ್, ಇವನ್ನೆಲ್ಲ ನೋಡಿದ ನಂತರವೇ ಹಲ್ಲಿನ ಮಾತು ಎತ್ತಬೇಕು.

ಕೆಲಸ ಸೆಂಟರ್ ಸ್ಟ್ಯಾಂಡಿನ ಮೇಲೆ ನಡೆಯುತ್ತದೆ. ಗೇರ್ ಪೆಡಲ್ ಬಿಚ್ಚಿ, ಎಡಗಡೆ ಕವರ್ ತೆಗೆದರೆ ಗ್ರೀಸು, ಮಣ್ಣು ಬೆರೆತ ಕಪ್ಪು ಹೆಂಟೆ ಕಾಣುತ್ತದೆ. ಅದನ್ನು ಕೆರೆದು ತೆಗೆಯುವುದೇ ಅರ್ಧ ಕೆಲಸ. ಸಣ್ಣ ಬೈಕುಗಳಲ್ಲಿ ಸ್ಪ್ರಾಕೆಟ್ಟನ್ನು ಹಿಡಿದಿರುವುದು ಸಾಮಾನ್ಯವಾಗಿ ಒಂದು ಲಾಕ್ ಪ್ಲೇಟ್ ಮತ್ತು ಎರಡು ಬೋಲ್ಟು. ಚೈನ್ ಇರುವಾಗಲೇ, ಇನ್ನೊಬ್ಬ ಹಿಂದಿನ ಬ್ರೇಕ್ ಒತ್ತಿಹಿಡಿದಾಗ ಅವನ್ನು ಸಡಿಲಿಸಬೇಕು. ಹೊಸದು ಒಂದು ಹಲ್ಲು ದೊಡ್ಡದಾದರೆ ಚೈನ್ ಬಿಗಿಯಾಗುತ್ತದೆ. ಅರ್ಧ ಇಂಚಿನ ಕೊಂಡಿಯ 428 ಚೈನಿನಲ್ಲಿ ಹಿಂದಿನ ಚಕ್ರವನ್ನು ಸುಮಾರು 3 ಮಿ.ಮೀ. ಮುಂದಕ್ಕೆ ತಂದರೆ ಸರಿಹೋಗುತ್ತದೆ, ಚೈನ್ ಕತ್ತರಿಸಬೇಕಾಗಿಲ್ಲ. ಹಿಂದೆ ಮೂರು ಹಲ್ಲು ಇಳಿಸಿದ್ದರೆ ಚಕ್ರ ಒಂದು ಸೆಂಟಿಮೀಟರಿನಷ್ಟು ಹಿಂದೆ ಸರಿಯಬೇಕಿತ್ತು. ಚೈನ್ ಲಾಕ್ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಬೇಕು. ತಿರುವುಮುರುವಾದರೆ ಕ್ಲಿಪ್ ಕಳಚಿ ಚೈನ್ ಬಿಡುವ ಅಪಾಯವಿದೆ. ಕೊನೆಗೆ ಹಿಂದಿನ ಬ್ರೇಕ್. ಡ್ರಮ್ ಬ್ರೇಕಿನ ಗಾಡಿಯಲ್ಲಿ ಚಕ್ರ ಮುಂದೆ ಬಂದಷ್ಟೂ ಬ್ರೇಕ್ ರಾಡ್ ಸಡಿಲವಾಗುತ್ತದೆ. ಅದನ್ನು ಬಿಗಿ ಮಾಡುವುದು ಮರೆತರೆ ಮೊದಲ ತಿರುವಿನಲ್ಲೇ ಪೆಡಲ್ ಪಾತಾಳ ಸೇರುತ್ತದೆ.

ಹೊಸ ಸ್ಪ್ರಾಕೆಟ್ಟಿಗೆ ಸವೆದ ಚೈನ್ ಹಾಕುವುದು ದುಡ್ಡಿನ ದಂಡ. ಹಿಂದಿನ ಸ್ಪ್ರಾಕೆಟ್ಟಿನ ಕೊನೆಯಲ್ಲಿ ಚೈನನ್ನು ಬೆರಳಿನಿಂದ ಎಳೆದಾಗ ಅರ್ಧ ಹಲ್ಲು ಹೊರಗೆ ಕಂಡರೆ ಚೈನ್, ಎರಡು ಸ್ಪ್ರಾಕೆಟ್, ಮೂರನ್ನೂ ಒಟ್ಟಿಗೆ ಬದಲಿಸಬೇಕು. ಮಾಲೂರಿನ ಹೆಂಚು ಇಟ್ಟಿಗೆಯ ಕೆಂಪು ಧೂಳು, ಕಲ್ಲು ಕ್ವಾರಿಯ ಬಿಳಿ ಧೂಳು ಚೈನಿಗೆ ಅರದಂತೆ. ವೇಸ್ಟ್ ಆಯಿಲ್ ಬಳಿಯುವ ರೂಢಿ ಬಿಟ್ಟು 90 ನಂಬರಿನ ಗೇರ್ ಆಯಿಲ್ ಹಾಕಿದರೆ ಒಳಿತು.

ಮೀಟರಿನ ಬಗ್ಗೆಯೂ ತಿಳಿದಿರಬೇಕು. ವೇಗದ ಲೆಕ್ಕ ಮುಂದಿನ ಚಕ್ರದಿಂದ ಬರುವ ಗಾಡಿಯಲ್ಲಿ ಏನೂ ಬದಲಾಗದು. ಗೇರ್‌ಬಾಕ್ಸಿನಿಂದ ಬರುವ ಗಾಡಿಯಲ್ಲಿ ಮೀಟರ್ 70 ತೋರಿಸುವಾಗ ನಿಜವಾದ ವೇಗ 75 ಆಗಿರುತ್ತದೆ. ಆರ್‌ಸಿ ಕಾರ್ಡಿನಲ್ಲಿ ಹಲ್ಲಿನ ಎಣಿಕೆ ನಮೂದಾಗುವುದಿಲ್ಲ, ಆದರೆ ವಾರಂಟಿ ಇರುವ ಹೊಸ ಗಾಡಿಯಲ್ಲಿ ಕೈಯಾಡಿಸುವ ಮುನ್ನ ಷರತ್ತು ಓದಿಕೊಳ್ಳುವುದು ಜಾಣತನ.

ಈ ರೋಲರ್ ಚೈನಿನ ಮೂಲ 1880ರ ಮ್ಯಾಂಚೆಸ್ಟರಿನಲ್ಲಿ, ಹ್ಯಾನ್ಸ್ ರೆನಾಲ್ಡ್ ಎಂಬಾತನ ಕಾರ್ಖಾನೆಯಲ್ಲಿದೆ. ನಮ್ಮ ಕಡೆಗೆ ಅದು ಮೂರು ದಿಕ್ಕಿನಿಂದ ಬಂತು: 1955ರಲ್ಲಿ ಆರಂಭವಾದ ಮದ್ರಾಸಿನ ಎನ್‌ಫೀಲ್ಡ್, 1961ರಿಂದ ಮೈಸೂರಿನ ಐಡಿಯಲ್ ಜಾವಾ, 1980ರಲ್ಲಿ ಮಾಲೂರಿನ ನೆರೆಯ ಹೊಸೂರಿನಿಂದ ಹೊರಟ ಟಿವಿಎಸ್ 50 ಮೊಪೆಡ್. ಜಾವಾದಲ್ಲಿ ಚೈನ್ ಪೂರ್ತಿ ತಗಡಿನ ಕೇಸಿನೊಳಗೆ ಅಡಗಿತ್ತು. ಧೂಳಿನ ಸೀಮೆಗೆ ಅದಕ್ಕಿಂತ ಒಳ್ಳೆಯ ಉಪಾಯ ಈತನಕ ಬಂದಿಲ್ಲ.

ಈ ಕಸುಬಿನ ನಿಜವಾದ ಬಂಡವಾಳ ಪಾನಾ ಅಲ್ಲ, ನೆನಪು. ಯಾವ ಮಾಡೆಲಿನ ಚಿಕ್ಕ ಸ್ಪ್ರಾಕೆಟ್ ಯಾವ ಗಾಡಿಯ ಶಾಫ್ಟಿಗೆ ಕೂರುತ್ತದೆ, ಯಾವುದರ ಕವರಿಗೆ ಚೈನ್ ತಾಗುತ್ತದೆ ಎಂಬುದು ಹಳೆಯ ಮೆಕ್ಯಾನಿಕ್ಕುಗಳ ತಲೆಯಲ್ಲಿದೆ, ಪುಸ್ತಕದಲ್ಲಿಲ್ಲ. ಅದಕ್ಕೂ ಮೊದಲು ಅವರು ಕೇಳುವುದು ‘ಲೋಡ್ ಹಾಕ್ತೀರಾ?’ ಎಂದು. ಈ ನೆನಪಿಗೆ ಕೆಲಸ ಕಡಿಮೆಯಾಗುತ್ತಿದೆ. ಎತ್ತರದ ಗೇರಿಗೆ ಹೇಳಿ ಮಾಡಿಸಿದಂತಿರುವ, ಮಾಲೂರು ಬಂಗಾರಪೇಟೆಯ ಮೇಲೆ ಹಾದುಹೋಗುವ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಬಿಡಿಭಾಗದ ಅಂಗಡಿಯಲ್ಲಿ ಸಾಮಾನ್ಯವಾಗಿ ಕೈಗೆ ಬರುವುದು ಚೈನೂ ಎರಡು ಸ್ಪ್ರಾಕೆಟ್ಟೂ ಸೇರಿದ ಕಿಟ್ಟು. 2013ರಲ್ಲಿ ನರಸಾಪುರದಲ್ಲಿ ಬಾಗಿಲು ತೆರೆದ ಹೋಂಡಾ ಕಾರ್ಖಾನೆಯಿಂದ ಎಲೆಕ್ಟ್ರಿಕ್ ಆಕ್ಟಿವಾ ಕೂಡ ಹೊರಬಂದಿದೆ, ಅದಕ್ಕೆ ಚೈನೂ ಇಲ್ಲ, ಹಲ್ಲೂ ಇಲ್ಲ. ಆದರೂ ಚೈನ್ ಗಾಡಿಗಳು ಇನ್ನೂ ಎಷ್ಟೋ ವರ್ಷ ಈ ಜಿಲ್ಲೆಯ ಹಾಲು, ಹಣ್ಣು, ಜನರನ್ನು ಹೊರಲಿವೆ. ಕಂಪನಿಗಳು ಮುಂದಿನ ಸ್ಪ್ರಾಕೆಟ್ಟನ್ನಾದರೂ ಒಂದು ಹಲ್ಲು ಹೆಚ್ಚು, ಒಂದು ಹಲ್ಲು ಕಡಿಮೆಯ ಅಳತೆಗಳಲ್ಲಿ ಬಿಡಿಯಾಗಿ ಮಾರಬೇಕು. ಹಾಕಿಸಿಕೊಂಡವರು ಬಿಚ್ಚಿದ ಹಳೆಯದನ್ನು ಗುಜರಿಗೆ ಕೊಡದೆ ಮನೆಯಲ್ಲಿಟ್ಟುಕೊಳ್ಳಲಿ. ಮಾವಿನ ಕಾಲಕ್ಕೆ ಬೇಕಾಗುತ್ತದೆ.