ಮೂತ್ರ ಸೋರಿಕೆ: ಸಂಕೋಚ ಬಿಡಿ, ಚಿಕಿತ್ಸೆ ಇದೆ

ಬಸ್ ಪ್ರಯಾಣವಿದ್ದ ದಿನ ಬೆಳಗಿನಿಂದ ನೀರೇ ಕುಡಿಯುವುದಿಲ್ಲವೇ? ಕೆಮ್ಮಿದರೆ, ಸೀನಿದರೆ ಸೀರೆ ಒದ್ದೆಯಾದೀತೆಂದು ಮದುವೆ ಮನೆಗೂ ಹೋಗುವುದನ್ನು ಬಿಟ್ಟಿದ್ದೀರಾ? ನನ್ನಲ್ಲಿಗೆ ಬರುವ ಅನೇಕ ಮಹಿಳೆಯರು ಮಂಡಿನೋವಿನ ವಿಷಯವೆಲ್ಲ ಹೇಳಿ, ಎದ್ದು ಬಾಗಿಲವರೆಗೆ ಹೋಗಿ, ಅನಂತರ ಹಿಂತಿರುಗಿ ಇದನ್ನು ಹೇಳುತ್ತಾರೆ. ವಯಸ್ಸಾದ ಮೇಲೆ ಇದು ಸಹಜ, ಸಹಿಸಿಕೊಳ್ಳಬೇಕು ಎಂಬ ನಂಬಿಕೆ ತಪ್ಪು.

ಇದರಲ್ಲಿ ಮುಖ್ಯವಾಗಿ ಎರಡು ವಿಧ. ಹೆರಿಗೆ, ಬೊಜ್ಜು, ದೀರ್ಘಕಾಲದ ಕೆಮ್ಮು ಮುಂತಾದ ಕಾರಣಗಳಿಂದ ಮೂತ್ರಕೋಶಕ್ಕೆ ಆಸರೆಯಾದ ಸ್ನಾಯುಗಳು ಸಡಿಲವಾದರೆ ಕೆಮ್ಮಿದಾಗ, ಭಾರ ಎತ್ತಿದಾಗ ಮೂತ್ರ ಸೋರುತ್ತದೆ. ಮೂತ್ರಕೋಶ ತುಂಬುವ ಮೊದಲೇ ಹಿಂಡಿಕೊಂಡರೆ ಶೌಚಾಲಯ ತಲುಪುವಷ್ಟರಲ್ಲಿ ಸೋರಿಹೋಗುತ್ತದೆ. ಕೆಲವರಲ್ಲಿ ಎರಡೂ ಇರುತ್ತವೆ.

ಮೊದಲನೆಯದಕ್ಕೆ ವ್ಯಾಯಾಮವೇ ಮೊದಲ ಮದ್ದು. ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಇದನ್ನು ವಿವರಿಸಿದರು. ಅಪಾನವಾಯುವನ್ನು ತಡೆಯುವಂತೆ ಆ ಭಾಗದ ಸ್ನಾಯುಗಳನ್ನು ಮೇಲಕ್ಕೆಳೆದು, ಐದು ಎಣಿಸುವವರೆಗೆ ಹಿಡಿದು, ಸಡಿಲಿಸಿ. ಉಸಿರು ಕಟ್ಟಬೇಡಿ, ಹೊಟ್ಟೆ, ತೊಡೆ ಬಿಗಿಯಬೇಡಿ. ಒಮ್ಮೆಗೆ 8ರಿಂದ 10 ಸಲ, ದಿನಕ್ಕೆ 3 ಬಾರಿ, ಕನಿಷ್ಠ 3 ತಿಂಗಳು ಮಾಡಬೇಕು. ಅಕ್ಕಿ ಆರಿಸುತ್ತಲೂ ಮಾಡಬಹುದು. ಮೂತ್ರ ವಿಸರ್ಜಿಸುವಾಗ ಮಾತ್ರ ಬೇಡ. ಬೊಜ್ಜಿದ್ದವರು ತೂಕ ಇಳಿಸಿದರೆ ಇನ್ನೂ ಅನುಕೂಲ. ಇಷ್ಟರಿಂದ ಗುಣ ಕಾಣದಿದ್ದರೆ ಶಸ್ತ್ರಚಿಕಿತ್ಸೆಯ ದಾರಿಯಿದೆ.

ಎರಡನೆಯದಕ್ಕೆ ಮೂತ್ರಕೋಶಕ್ಕೆ ಶಿಸ್ತು ಕಲಿಸಬೇಕು. ಗಂಟೆಗೊಮ್ಮೆ ಹೋಗುತ್ತಿದ್ದರೆ ಹತ್ತು ನಿಮಿಷ ತಡೆಯಿರಿ. ಕೆಲವು ದಿನಗಳ ನಂತರ ಇನ್ನಷ್ಟು. ಹೀಗೆ ಕನಿಷ್ಠ 6 ವಾರ. ಕಾಫಿ, ಟೀ ಕಡಿಮೆ ಮಾಡಿ. ಸಾಲದಿದ್ದರೆ ಆಕ್ಸಿಬ್ಯುಟಿನಿನ್, ಮಿರಾಬೆಗ್ರಾನ್‌ನಂಥ ಮಾತ್ರೆಗಳಿವೆ. ಮೊದಲಿನದರಿಂದ ಬಾಯಿ ಒಣಗಬಹುದು, ವೃದ್ಧರಲ್ಲಿ ಗೊಂದಲ ಉಂಟಾಗಬಹುದು. ಇನ್ನೊಂದು ರಕ್ತದೊತ್ತಡ ಏರಿಸಬಹುದು. ಆದ್ದರಿಂದ ವೈದ್ಯರನ್ನು ಕೇಳದೆ ಯಾವುದನ್ನೂ ನುಂಗಬೇಡಿ.

ನೀರು ಬಿಡುವುದು ಚಿಕಿತ್ಸೆಯಲ್ಲ. ಮೂತ್ರ ಗಾಢವಾಗಿ ಉರಿ, ಸೋಂಕು, ಮಲಬದ್ಧತೆ ಬಂದು ತೊಂದರೆ ಹೆಚ್ಚೀತು. ಮೊದಲು ಮೂತ್ರ ಮತ್ತು ಸಕ್ಕರೆ ಪರೀಕ್ಷೆ ಮಾಡಿಸಿ. ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿಯನ್ನೂ ನೋಡಿಸಬೇಕು. ಮೂತ್ರದಲ್ಲಿ ರಕ್ತ ಕಂಡರೆ ಬೇಗ ವೈದ್ಯರಿಗೆ ತೋರಿಸಿ. ಮೂತ್ರ ಕಟ್ಟಿದರೆ, ಸೋರಿಕೆಯೊಂದಿಗೆ ಹಠಾತ್ತನೆ ಕಾಲು ಸೋತರೆ ಅಂದೇ ಆಸ್ಪತ್ರೆಗೆ ಹೋಗಿ.

ಮನೆಯವರಿಗೆ ಒಂದು ಮಾತು. 'ನೀವೆಲ್ಲ ಹೋಗಿಬನ್ನಿ, ನಾನು ಮನೆಯಲ್ಲೇ ಇರುತ್ತೇನೆ' ಎಂದು ಅಮ್ಮ ಪದೇ ಪದೇ ಹೇಳುತ್ತಿದ್ದರೆ, ಬೇಸರಿಸದೆ ಒಮ್ಮೆ ಮೆಲ್ಲಗೆ ಕಾರಣ ಕೇಳಿ.